ದೀಪವಿಲ್ಲದ ಗಾಡಿ

ಬಾನೆಟ್ ಎತ್ತಿದಾಗ ಮೊದಲು ಕಂಡದ್ದು ಎಂಜಿನ್ ಅಲ್ಲ, ಇರುವೆ. ಕಲ್ಲೋಳಿಯ ಬೆಲ್ಲದ ಗೋದಾಮೊಂದರ ಮೂಲೆಯಲ್ಲಿ ನಲವತ್ತು ವರ್ಷದ ಮೇಲೆ ನಿಂತಿದ್ದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಬಾಗಿಲು ಮೊಣಕಾಲಿನೆತ್ತರ, ಮೂತಿ ಮಾತ್ರ ಮಾರುದ್ದ. ಸುತ್ತಲೂ ಬೆಲ್ಲದ ಪೆಂಟಿಗಳನ್ನು ಒಟ್ಟಿದ್ದರಿಂದ ಇರುವೆಗಳು ಒಳಗೆ ಊರೇ ಕಟ್ಟಿಕೊಂಡಿದ್ದವು. ವೈರುಗಳಿಗೆ ಸುತ್ತಿದ್ದ ಬಟ್ಟೆಯನ್ನು ಇಲಿಗಳು ತಿಂದು ಬರೀ ತಾಮ್ರ ಉಳಿಸಿದ್ದವು.

ನಾನು ರೂಢಿಯಂತೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಹಿಡಿದು ಬಗ್ಗಿದೆ. ಬಾಗಿಲಲ್ಲಿ ನಿಂತಿದ್ದ ಹೆಣ್ಣುಮಗಳು ಕೈ ಅಡ್ಡ ಹಿಡಿದರು.

"ಕೊಲ್ಲಬ್ಯಾಡ ತಮ್ಮಾ. ದಾರಿ ತೋರಿಸಿದ್ರ ತಾವ ಹೊಕ್ಕಾವು."

ತೋರಿಸಿದರು ಕೂಡ. ಗಾಡಿಯ ಚಕ್ರದಿಂದ ಹಿತ್ತಲ ಬೇವಿನ ಮರದವರೆಗೆ ಬೆಲ್ಲದ ಪುಡಿ ಮತ್ತು ಹಿಟ್ಟಿನ ಗೆರೆ ಎಳೆದು, ದಿನಾ ಅದನ್ನು ತುಸು ತುಸು ಮುಂದಕ್ಕೆ ಜರುಗಿಸುತ್ತ ಹೋದರು. ಇರುವೆಗಳ ಮೆರವಣಿಗೆ ಮುಗಿಯುವ ಹೊತ್ತಿಗೆ ನನ್ನ ಒಂದು ವಾರ ಹೋಗಿತ್ತು. ಅದು ಕಬ್ಬಿನ ಹಂಗಾಮು. ಗೋಕಾಕಿನಲ್ಲಿ ನನ್ನ ತಗಡಿನ ಶೆಡ್ಡಿನ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಟ್ರ್ಯಾಕ್ಟರ್ ಮತ್ತು ಲಾರಿಗಳ ವೈರಿಂಗ್, ಅಷ್ಟಿಷ್ಟು ಫಿಟ್ಟಿಂಗ್ ನನ್ನ ಹೊಟ್ಟೆಪಾಡು. ಅವುಗಳನ್ನು ಬಿಟ್ಟು ಇಲ್ಲಿ ಇರುವೆ ಕಾಯುತ್ತ ಕೂತಿದ್ದೇನೆಂದು ಹೊರಗೆ ಗೊತ್ತಾದರೆ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು. ಆದರೂ ಆ ಹೆಣ್ಣುಮಗಳಿಗೆ ಎದುರಾಡಲು ನನಗೆ ಬಾಯಿ ಬರಲಿಲ್ಲ.

ಆಕೆಯನ್ನು ಊರೆಲ್ಲ ಅಕ್ಕಾ ಎಂದೇ ಕರೆಯುತ್ತಿತ್ತು. ಬೆಲ್ಲದ ವ್ಯಾಪಾರಿಗಳಾದ ಜೈನ ಮನೆತನ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ತಮ್ಮನೊಂದಿಗೆ ಹೊಲವನ್ನೂ ಗೋದಾಮನ್ನೂ ನಡೆಸಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಲ್ಲ ಹೇರಿದ ಟ್ರೇಲರ್ ಎಳೆಯುವ ಟ್ರ್ಯಾಕ್ಟರನ್ನು ತಾವೇ ಗೋಕಾಕದ ಪೇಟೆಗೆ ಹೊಡೆದುಕೊಂಡು ಬರುತ್ತಿದ್ದುದನ್ನು ನಾನು ಹುಡುಗನಾಗಿದ್ದಾಗ ಬಾಯಿ ತೆರೆದು ನೋಡಿದ್ದೆ. ಈಗ ಅರವತ್ತರ ಹತ್ತಿರ ಬಂದಿದ್ದ ಅವರು ದೀಕ್ಷೆ ತೆಗೆದುಕೊಳ್ಳಲು ನಿರ್ಧರಿಸಿದ್ದರು. ದೀಕ್ಷೆಯಾದ ಮೇಲೆ ಮನೆಯಿಲ್ಲ, ಹೆಸರಿಲ್ಲ, ತಮ್ಮನಿಲ್ಲ. ಬಿಳಿ ಸೀರೆಯುಟ್ಟು ಮುನಿಗಳ ಸಂಘದೊಂದಿಗೆ ಊರೂರು ನಡೆಯುವುದು. ಗಾಡಿ ಎನ್ನುವ ವಸ್ತುವನ್ನು ಮತ್ತೆ ಹತ್ತುವಂತಿಲ್ಲ.

ದೀಕ್ಷೆಗೆ ಹೊರಟವರನ್ನು ಬಂಧುಗಳು ಊಟಕ್ಕೆ ಕರೆದು, ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುವುದುಂಟು. ಅಕ್ಕ ಎಲ್ಲರಿಗೂ ಏನೂ ಇಲ್ಲವೆಂದರು. ತಮ್ಮ ಕೇಳಿದಾಗ ಮಾತ್ರ, ಅಪ್ಪನ ಗಾಡಿ ಎಂದರು.

ಕಥೆ ಇಷ್ಟೇ. ಅವರ ತಂದೆ ಆ ಗಾಡಿಯನ್ನು ಕೊಲ್ಹಾಪುರದ ಕಡೆಯಿಂದ ಕೊಂಡು ತಂದಿದ್ದರು. ಹದಿನಾರರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಬೇಸಿಗೆ ಗೋಕಾಕದ ಘಟ್ಟ ಏರಿದಾಗ ಎಂಜಿನ್ ಕುದಿಯಿತು. ತಂದೆ ನೆರಳಿಗೆ ಹೋಗಿ ಬರುವಷ್ಟರಲ್ಲಿ ಹುಡುಗಿ ಪಕ್ಕದ ಕಾಲುವೆಯಿಂದ ಕೊಡ ತುಂಬಿ ತಂದು, ದಣಿದ ಎತ್ತಿಗೆ ನೀರು ಕುಡಿಸಿದಂತೆ, ರೇಡಿಯೇಟರಿಗೂ ಎಂಜಿನ್ನಿಗೂ ಸುರಿದಳು. ಎಂಜಿನ್ನಿನ ಕಾದ ಬೀಡುಕಬ್ಬಿಣ ಚಟ್ಟೆಂದು ಸೀಳಿತು. ತಂದೆ ಸಾಯುವವರೆಗೂ ಆ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ಬೈದಿದ್ದರೆ ಮರೆತುಬಿಡುತ್ತಿದ್ದೆ ಎಂದು ಅಕ್ಕ ನನಗೆ ಒಮ್ಮೆ ಹೇಳಿದರು.

ಇಷ್ಟರಲ್ಲೇ ಮುಗಿದಿದ್ದರೆ ನಾನು ಆಗದು ಎಂದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಅಕ್ಕ ಯಾರಿಗೂ ಹೇಳದೆ ಮುನಿಮಹಾರಾಜರ ಮುಂದೆ ಒಂದು ನಿಯಮ ಹಿಡಿದು ಬಂದಿದ್ದರು. ಇನ್ನು ಮೇಲೆ ಅಪ್ಪನ ಗಾಡಿಯ ಹೊರತು ಬೇರೆ ಯಾವ ಗಾಲಿಯ ಮೇಲೂ ಕೂರುವುದಿಲ್ಲ. ಸಂಘ ಬೀಡುಬಿಟ್ಟಿದ್ದದ್ದು ಹತ್ತರಗಿಯಲ್ಲಿ. ದೀಕ್ಷೆಯ ಮುಹೂರ್ತ ಗೊತ್ತಾಗಿತ್ತು. ಹಿಂದಿನ ದಿನ ಸೂರ್ಯಾಸ್ತದೊಳಗೆ ಅಲ್ಲಿರಬೇಕು. ಗಾಡಿ ಓಡದಿದ್ದರೆ ಅಕ್ಕ ಕಲ್ಲೋಳಿಯಿಂದ ಗೋಕಾಕ, ಹುಕ್ಕೇರಿ ದಾಟಿ ಹತ್ತರಗಿಯವರೆಗೆ ನಡೆಯುವವರೇ.

ಅವರ ತಮ್ಮ, ನಾನು ಅಣ್ಣಾ ಎನ್ನುತ್ತಿದ್ದ ಸಾವಕಾರರು, ನನ್ನ ಶೆಡ್ಡಿಗೆ ಬಂದು ಟೈರಿನ ಮೇಲೆ ಕೂತು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ನಡಕೋತ ಹೋದ್ರ ಆಕಿಗೇನೂ ಆಗೂದಿಲ್ಲ, ನಕ್ಕೋತ ಹೊಕ್ಕಾಳ. ಆಗೂದು ನನಗ. ಆ ದಿನದ ಮ್ಯಾಲ ಆಕಿನ್ನ ಅಕ್ಕಾ ಅಂತ ಕರ್ಯಾಕ ಬರೂದಿಲ್ಲ. ಅದಕ್ಕಿಂತ ಮೊದಲ ಒಂದ ಸಲ ಆ ಗಾಡ್ಯಾಗ ಆಕಿನ್ನ ನೋಡಬೇಕು ನಾ."

ಒಪ್ಪಿಕೊಂಡೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟಾರ ನೋಡ್ರಿ ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ಆಡಿಕೊಂಡ.

ಹಳೆಯ ಎಂಜಿನ್ನಿನ ಸೀಳನ್ನು ನೋಡಿ ಬೀಡು ಬೆಸೆಯುವವರು ತಲೆಯಾಡಿಸಿದರು. ಕೊಲ್ಹಾಪುರದ ಗುಜರಿಯಲ್ಲಿ ಅಪಘಾತವಾದ ಒಂದು ಉದ್ದನೆಯ ಕಾರಿನ ಜಪಾನಿ ಪೆಟ್ರೋಲ್ ಎಂಜಿನ್ ಸಿಕ್ಕಿತು, ಗೇರ್‌ಬಾಕ್ಸ್ ಸಮೇತ. ಅದನ್ನು ಸರಪಳಿಗೆ ನೇತುಹಾಕಿ ಗಾಡಿಯ ಹೊಟ್ಟೆಗೆ ಇಳಿಸಿದರೆ ಕೂರಲೊಲ್ಲದು. ಕೆಳಗಿನ ಆಯಿಲ್ ಚೇಂಬರ್ ಮುಂದಿನ ಅಡ್ಡಪಟ್ಟಿಗೆ ಬಡಿಯುತ್ತಿತ್ತು. ಚೇಂಬರನ್ನು ಕೊಯ್ದು, ಹಿಂದಕ್ಕೆ ಹೊಟ್ಟೆ ಬಿಡಿಸಿ ಬೆಸೆದು, ಸೋರುವುದೇ ನೋಡಲು ಸೀಮೆಎಣ್ಣೆ ತುಂಬಿ ಇಟ್ಟೆ. ಮರುದಿನ ತಳ ಒದ್ದೆ. ಮತ್ತೆ ಬೆಸೆದೆ. ಮತ್ತೆ ಒದ್ದೆ. ಮೂರನೆಯ ಸಲಕ್ಕೆ ಒಣಗಿದ್ದನ್ನು ಕಂಡಾಗ ನೆಲಕ್ಕೇ ನಮಸ್ಕಾರ ಮಾಡಿದೆ.

ಎಂಜಿನ್ ಕೂರಲು ಆಂಗಲ್ ಕಬ್ಬಿಣದಲ್ಲಿ ಹೊಸ ಕಾಲುಗಳನ್ನು ಮಾಡಿ ಫೌಂಡೇಶನ್ ರಬ್ಬರ್ ಹಾಕಿದೆ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್ ಗೇಣುದ್ದ ಹೆಚ್ಚಾಗಿತ್ತು, ಗೋಕಾಕದ ಲೇಥಿನಲ್ಲಿ ಕತ್ತರಿಸಿ ಜೋಡಿಸಿದರು. ಗೇರಿನ ಹಿಡಿ ಇರಬೇಕಾದ ಜಾಗದಲ್ಲಿ ಬರದೆ ಸೀಟಿನ ಪಕ್ಕಕ್ಕೆ ಬಂತು, ತಗಡು ಕತ್ತರಿಸಿ ಅಲ್ಲೇ ಬಿಟ್ಟೆ. ಇದೆಲ್ಲ ಹಗಲಿನ ಕೆಲಸ. ದೊಡ್ಡ ಬಲ್ಬ್ ಹಚ್ಚಿದರೆ ಹುಳ ಬಂದು ಸುಟ್ಟುಕೊಳ್ಳುತ್ತವೆಂದು ಅಕ್ಕ ಬಿಡುತ್ತಿರಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಪಾನಾ, ಸುತ್ತಿಗೆ ಕೆಳಗಿಟ್ಟು ಕೈ ತೊಳೆಯಬೇಕು. ಗೋಡೆಯ ಮೇಲೆ ಬಿಸಿಲು ಜಾರುವುದನ್ನು ನೋಡುತ್ತ ನಾನು ಹಲ್ಲು ಕಡಿಯುತ್ತಿದ್ದೆ.

ಆಮೇಲೆ ವೈರಿಂಗ್. ಆ ಕಾಲದ ಇಂಗ್ಲಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನು ಗಾಡಿಯ ಮೈಗೆ ಕೊಡುತ್ತಿದ್ದರು. ಈಗಿನ ಎಂಜಿನ್ನಿಗೆ ಮೈನಸ್ ಮೈಗೆ ಬರಬೇಕು. ಹೀಗೆ ಇಡೀ ಗಾಡಿ ತಲೆಕೆಳಗು. ಆಮ್‌ಮೀಟರಿನ ತಂತಿ ಅದಲು ಬದಲು ಮಾಡಿ, ಡೈನಮೊ ಕಿತ್ತು ಆಲ್ಟರ್ನೇಟರ್ ಕೂರಿಸಿದೆ. ಹೊಸ ವೈರುಗಳನ್ನು ಹೆಣೆಯಲು ಅಂಗಳದಲ್ಲಿ ಸೀಮೆಸುಣ್ಣದಿಂದ ಗಾಡಿಯ ಗಾತ್ರದ ನಕ್ಷೆ ಬರೆದೆ. ದೀಪದ ಜಾಗದಲ್ಲಿ ಒಂದು ಕಲ್ಲು, ಹಾರ್ನಿನ ಜಾಗದಲ್ಲಿ ಇನ್ನೊಂದು. ನಕ್ಷೆಯ ಮೇಲೆ ಒಂದೊಂದೇ ವೈರು ಹಾಸುತ್ತ ಹೋದಂತೆ ಅಕ್ಕ ಪಕ್ಕದಲ್ಲಿ ಕೂತು ನೂಲಿನ ಪಟ್ಟಿಯಿಂದ ಅವುಗಳನ್ನು ಬಿಗಿಯಾಗಿ ಸುತ್ತುತ್ತಿದ್ದರು. ಇದು ಯಾವುದಕ್ಕೆ, ಅದು ಎಲ್ಲಿಗೆ ಎಂದು ಕೇಳಿ ತಿಳಿದುಕೊಂಡೇ ಗಂಟು ಹಾಕುವರು. ನಾನು ನನ್ನ ಕೈಯಾರೆ ಮಾಡಿದ ಕೆಲಸಗಳಲ್ಲಿ ಅಷ್ಟು ಚಂದದ್ದು ಇನ್ನೊಂದಿಲ್ಲ. ಉದ್ದನೆಯ ಜಡೆಯಂತಿತ್ತು.

ಈ ನಡುವೆ ಸಾವಕಾರರು ಹುಕ್ಕೇರಿಯಿಂದ ಲಾರಿಗಳಿಗೆ ಬಣ್ಣ ಹೊಡೆಯುವವರನ್ನು ಕರೆಸಿ ಗಾಡಿಯ ಚೌಕಟ್ಟಿಗೆ, ಚಾಸಿಗೆಲ್ಲ ದಪ್ಪಗೆ ಬಣ್ಣ ಬಳಿಸಿದ್ದರು. ಒಂದು ಬೋಲ್ಟಿನ ತಲೆಯನ್ನೂ ಬಿಟ್ಟಿರಲಿಲ್ಲ. ನೋಡಲು ಕಣ್ಣಿಗೆ ಹಬ್ಬ.

ಶುರು ಮಾಡುವ ದಿನ ಅವರು ನೆಂಟರನ್ನೆಲ್ಲ ಕರೆದರು. ಕರೆಯಬೇಡಿ ಎಂದು ನಾನು ಹೇಳಿದ್ದೆ. ಚಾಲೂ ಆಗದ ಗಾಡಿಯ ಮುಂದೆ ತೆಂಗಿನಕಾಯಿ ಒಡೆಯಬಾರದು ಎಂಬುದು ನನ್ನ ಒಂದೇ ಶಾಸ್ತ್ರ. ಒಡೆದರು. ಅಕ್ಕ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಸೆಲ್ಫ್ ಮೋಟರು ನರಳಿತು, ಎಂಜಿನ್ ಅರ್ಧ ಸುತ್ತು ತಿರುಗಿ ನಿಂತಿತು. ಇನ್ನೊಮ್ಮೆ ಎಂದೆ. ಮತ್ತೆ ನರಳಿತು. ಮೂರನೆಯ ಸಲ ಪೆಡಲಿನ ಹತ್ತಿರ ಹೊಗೆ ಕಂಡಿತು. ಅದೇ ಹೊತ್ತಿಗೆ ಎಂಜಿನ್ ಹತ್ತಿಕೊಂಡು ಒಂದೇ ಏಟಿಗೆ ಹುಚ್ಚುಗಟ್ಟಿ ಕೂಗಿತು. ಅಕ್ಕ ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದರು, ಕೂಗು ಇಳಿಯಲಿಲ್ಲ. ಡ್ಯಾಶಿನ ಕೆಳಗಿನಿಂದ ಬೆಂಕಿಯ ನಾಲಗೆ. ಅಕ್ಕನ ತೋಳು ಹಿಡಿದು ಎಳೆದು, ಬ್ಯಾಟರಿಯ ಕೇಬಲ್ ಕಿತ್ತೆಸೆದು, ಒದ್ದೆ ಗೋಣಿ ಒತ್ತಿ ಹಿಡಿದೆ. ಎಲ್ಲ ತಣ್ಣಗಾದಾಗ ನಾವಿಬ್ಬರೂ ಕೂಡಿ ಹೆಣೆದ ಜಡೆ ಕರಗಿದ ಡಾಂಬರಿನ ಮುದ್ದೆಯಾಗಿತ್ತು.

ಕಾರಣ ಸಿಗಲು ಹೊತ್ತು ಹಿಡಿಯಲಿಲ್ಲ. ಅದೇ ಇನ್ನೂ ಹೊಟ್ಟೆ ಉರಿಸುವ ಮಾತು. ನನ್ನ ಕೈ ಟ್ರ್ಯಾಕ್ಟರಿನ ಕೈ. ಟ್ರ್ಯಾಕ್ಟರಿಗೆ ಎಂಜಿನ್ನೇ ಮೈ, ಅದಕ್ಕೆ ಪ್ರತ್ಯೇಕ ಅರ್ಥಿಂಗ್ ಎಂಬ ಯೋಚನೆಯೇ ನಮ್ಮ ಕಡೆಯ ವೈರ್‌ಮನ್ನರಿಗೆ ಬರುವುದಿಲ್ಲ. ಇಲ್ಲಿ ಎಂಜಿನ್ ರಬ್ಬರಿನ ಮೇಲೆ ಕೂತಿತ್ತು, ಸುತ್ತಲೂ ದಪ್ಪ ಬಣ್ಣ. ಸೆಲ್ಫಿನಿಂದ ಬ್ಯಾಟರಿಗೆ ವಾಪಸ್ ಹೋಗಲು ಕರೆಂಟಿಗೆ ಸಿಕ್ಕಿದ ಒಂದೇ ದಾರಿ ಆಕ್ಸಿಲರೇಟರಿನ ತೆಳು ಕೇಬಲ್. ಅದು ಕೆಂಪಗೆ ಕಾದು ತನ್ನ ಕೊಳವೆಗೇ ಬೆಸೆದುಕೊಂಡಿತ್ತು, ಪಕ್ಕದ ವೈರುಗಳನ್ನೆಲ್ಲ ಸುಟ್ಟಿತ್ತು. ಎಂಜಿನ್ನಿನಿಂದ ಮೈಗೆ ಒಂದು ಮೊಳ ತಾಮ್ರದ ಪಟ್ಟಿ ಬಿಗಿದಿದ್ದರೆ ಸಾಕಾಗಿತ್ತು. ಆಲ್ಟರ್ನೇಟರ್ ಕೂಡ ಹೋಗಿತ್ತು.

ಹುಕ್ಕೇರಿಯಿಂದ ಬಂದಿದ್ದ ಅವರ ಕಾಕಾ ಒಬ್ಬರು ಅಪಶಕುನವೆಂದರು. ಮಹಾರಾಜರಿಗೆ ಹೇಳಿ ನಿಯಮಕ್ಕೆ ಪ್ರಾಯಶ್ಚಿತ್ತ ಕೇಳಿ, ಅಲಂಕಾರದ ಕಾರು ತರಿಸೋಣವೆಂದರು. ಅಕ್ಕ ಮರುದಿನ ಬೆಳಗಾಗುತ್ತಲೇ ಬರಿಗಾಲಲ್ಲಿ ಮಸಗುಪ್ಪಿಯ ದಾರಿ ಹಿಡಿದರು. ಮಧ್ಯಾಹ್ನ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದರು. ಅದರ ಮರುದಿನವೂ ಹೋದರು. ನಡೆದು ರೂಢಿ ಮಾಡಿಕೊಳ್ಳುತ್ತಿದ್ದಾರೆಂದು ಕೇಳದೆಯೇ ತಿಳಿಯುತ್ತಿತ್ತು. ಸಾವಕಾರರು ಗೋದಾಮಿನ ಕಟ್ಟೆಯ ಮೇಲೆ ಕೂತು ಆ ದಾರಿಯನ್ನೇ ನೋಡುವರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ತಂದೆ ಮಗ ಎಲ್ಲ ಒಂದೇ ಅಚ್ಚು. ಬೈದಿದ್ದರೆ ನಾನೂ ಮರೆಯುತ್ತಿದ್ದೆ.

ಮೂಡಲಗಿ, ಗೋಕಾಕ, ಹುಕ್ಕೇರಿ ಮೂರೂ ಕಡೆ ತಯಾರು ವೈರಿಂಗ್ ಹುಡುಕಿದೆ. ಅಂಥ ಗಾಡಿಯ ಹೆಸರು ಕೇಳಿಯೇ ನಕ್ಕರು. ಆಲ್ಟರ್ನೇಟರನ್ನು ಮೂಡಲಗಿಯಲ್ಲಿ ಪಂಪ್‌ಸೆಟ್ ಮೋಟರು ಸುತ್ತುವವರಲ್ಲಿ ಕೊಟ್ಟೆ. ಹಂಗಾಮು ಐತ್ರಿ, ನೋಡೂಣು ಎಂದರು. ಅಂಗಳದಲ್ಲಿ ಮತ್ತೆ ಸೀಮೆಸುಣ್ಣದ ನಕ್ಷೆ ಬರೆದು ಒಬ್ಬನೇ ಕೂತೆ. ವೈರು ಹಾಸುತ್ತಿದ್ದೆ, ಮತ್ತೆ ಬಿಚ್ಚುತ್ತಿದ್ದೆ, ಕೈ ಮೇಲೆ ನಂಬಿಕೆ ಹೋಗಿತ್ತು. ಎಷ್ಟು ಹಗಲು ಉಳಿದಿವೆ, ಎಷ್ಟು ಕೆಲಸ ಉಳಿದಿದೆ ಎಂದು ಹೇಗೆ ಲೆಕ್ಕ ಹಾಕಿದರೂ ಹಗಲು ಸಾಲುತ್ತಿರಲಿಲ್ಲ. ಓಡಿಹೋಗಬೇಕೆನಿಸಿತು, ಸುಳ್ಳು ಹೇಳುವುದಿಲ್ಲ. ಶೆಡ್ಡಿಗೆ ಬೀಗ ಹಾಕಿ, ಯಾರಿಗೂ ಹೇಳದೆ ಮಿರಜಿನ ಮಾವನ ಮನೆಗೆ ಹೋಗಿ ಕೂರಬೇಕೆಂದು ಬಸ್ಸಿನ ಹೊತ್ತನ್ನೂ ವಿಚಾರಿಸಿದ್ದೆ.

ಹೀಗೆ ಒಂದು ಸಂಜೆ ಮುಂದಿನ ದೊಡ್ಡ ದೀಪಗಳ ವೈರು ಹಿಡಿದುಕೊಂಡು ತಿಣುಕಾಡುತ್ತಿದ್ದೆ. ಅಕ್ಕ ಬಾಗಿಲಿಗೆ ಬಂದರು.

"ಏಳ ತಮ್ಮಾ, ಉಂಡ ಬಿಡು. ಹೊತ್ತ ಮುಣಗಾಕ ಬಂತು."

ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಪ್ರಯಾಣವಿಲ್ಲ. ಇಷ್ಟು ದಿನ ಅದು ನನ್ನ ಕಾಲಿಗೆ ಕಟ್ಟಿದ ಗುಂಡಾಗಿತ್ತು. ಆಗ ಕೈಯಲ್ಲಿದ್ದ ವೈರನ್ನು ನೋಡಿದೆ, ಅಕ್ಕನನ್ನು ನೋಡಿದೆ.

"ಅಕ್ಕಾರ, ಆ ದಿನ ಹೊತ್ತ ಮುಣಗಿದ ಮ್ಯಾಲ ಗಾಡಿ ಹೊಡೀತೀರೇನ್ರಿ?"

"ಹೊತ್ತ ಮುಣಗಿದ ಮ್ಯಾಲ ನಾ ಎಲ್ಲಿಗೆ ಹೋಗ್ಲೋ?"

ವೈರಿನ ಸುರುಳಿಯನ್ನು ಮೂಲೆಗೆಸೆದು ಎದ್ದೆ. ಹಗಲಲ್ಲಿ ಒಂದೇ ಸಲ ಓಡುವ ಗಾಡಿಗೆ ದೀಪ ಏಕೆ? ಮುಂದಿನ ದೀಪ ಬೇಡ, ಹಿಂದಿನದು ಬೇಡ, ಪಕ್ಕದ ಸಿಗ್ನಲ್ ಬೇಡ. ಚಳಿಗಾಲದಲ್ಲಿ ಮಳೆಯಿಲ್ಲ, ವೈಪರ್ ಬೇಡ. ಆಯಿಲ್ ಮತ್ತು ನೀರಿನ ಮುಳ್ಳುಗಳು ಆ ಗಾಡಿಯಲ್ಲಿ ಕೊಳವೆಯಿಂದ ನಡೆಯುವಂಥವು, ವೈರೇ ಬೇಕಿಲ್ಲ. ಉಳಿದದ್ದು ಸೆಲ್ಫ್, ಕಾಯಿಲ್, ಪೆಟ್ರೋಲ್ ಪಂಪ್, ಚಾರ್ಜಿಂಗ್, ಹಾರ್ನ್. ಐದೇ ದಾರಿ. ಡ್ಯಾಶಿನ ಪುಟ್ಟ ಬಲ್ಬುಗಳನ್ನೂ ಒಂದೊಂದಾಗಿ ಕಿತ್ತೆ. ಚಾರ್ಜಿಂಗ್ ತೋರಿಸುವ ಕೆಂಪು ಬಲ್ಬನ್ನು ಕಿತ್ತು, ಆಲ್ಟರ್ನೇಟರಿನಿಂದ ಅದಕ್ಕೆ ಬರುವ ಸಣ್ಣ ವೈರನ್ನು ನೇರ ಕೀಲಿಗೇ ಸೇರಿಸಿದೆ. ದೀಪವೆಂದರೆ ದೀಪ, ಯಾವುದೂ ಬೇಡ.

ಸಾವಕಾರರು ಮುಖ ಕಿರಿದು ಮಾಡಿದರು. ದೀಪ ಇಲ್ಲದ ಗಾಡಿ ಅಂದ್ರ ಕುಲ್ಡ ಕುದರಿ ಇದ್ದಂಗ ಎಂದರು. ಹಿಂದೆ ನಿಮ್ಮ ಜೀಪು ಬರಲಿ, ಅದಕ್ಕೆ ಕಣ್ಣಿವೆ ಎಂದೆ. ಅಕ್ಕ ಮಾತ್ರ ನೂಲಿನ ಪಟ್ಟಿ ತಂದು ಮತ್ತೆ ಪಕ್ಕದಲ್ಲಿ ಕೂತರು. ಬಟ್ಟೆ ಸುತ್ತಿದ ಹೆಬ್ಬೆರಳನ್ನು ಸೀರೆಯ ಒಳಗೆ ಎಳೆದುಕೊಂಡಿದ್ದರು.

ಎಂಜಿನ್ನಿನಿಂದ ಚಾಸಿಗೆ ಒಂದಲ್ಲ, ಎರಡು ತಾಮ್ರದ ಪಟ್ಟಿ ಬಿಗಿದೆ. ಬಿಗಿಯುವ ಮೊದಲು ಆ ಅಂದದ ಬಣ್ಣವನ್ನು ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ ತೆಗೆದೆ. ಸಾವಕಾರರು ಮುಖ ತಿರುಗಿಸಿಕೊಂಡರು. ಹೊಸ ಆಕ್ಸಿಲರೇಟರ್ ಕೇಬಲ್ ಹಾಕಿ, ಬರೀ ಬ್ಯಾಟರಿಯ ಮೇಲೆ ಕೀಲಿ ತಿರುಗಿಸಿದೆ. ಸೆಲ್ಫ್ ಗರ್ರನೆ ತಿರುಗಿತು, ಎಂಜಿನ್ ಹತ್ತಿತು. ಮೆಲ್ಲಗೆ, ಹದವಾಗಿ ಓಡಿತು. ಕೀಲಿ ಹಿಂದಕ್ಕೆ ತಿರುಗಿಸಿದೆ, ನಿಂತಿತು. ಅತ್ತುಬಿಟ್ಟೆ ಎಂದರೆ ಹೆಚ್ಚಾದೀತು, ಆದರೆ ಎದ್ದು ಬೇವಿನ ಮರದ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ.

ಆಲ್ಟರ್ನೇಟರ್ ಬಂದಿರಲಿಲ್ಲ. ಅದಿಲ್ಲದೆ ಬ್ಯಾಟರಿ ಹತ್ತರಗಿ ಮುಟ್ಟುವ ಭರವಸೆಯಿಲ್ಲ. ಹೊರಡುವ ದಿನ ಬೆಳಗ್ಗೆ ಮೂಡಲಗಿಗೆ ಹೋಗಿ, ಸುತ್ತುವವರ ಎದುರು ಧರಣಿ ಕೂತಂತೆ ಕೂತೆ. ಕೈಗೆ ಬಂದಾಗ ಮಧ್ಯಾಹ್ನ. ಮೋಟರ್‌ಸೈಕಲ್ಲಿನ ಮೇಲೆ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ಕೂರಿಸಿ, ಬೆಲ್ಟು ಬಿಗಿದು, ಎರಡು ವೈರು ಸೇರಿಸಿ ಶುರು ಮಾಡಿದೆ. ಚಾರ್ಜ್ ಆಗುತ್ತಿತ್ತು. ನಿಲ್ಲಿಸಿ ನೋಡುವ ಧೈರ್ಯ ನನಗಿರಲಿಲ್ಲ. ಮತ್ತೆ ಹತ್ತದಿದ್ದರೆ?

"ಅಕ್ಕಾರ, ಹತ್ತರಗಿ ಬರೂತನಕ ಕೀಲಿ ಮುಟ್ಟಬ್ಯಾಡ್ರಿ" ಎಂದೆ.

ಸಾವಕಾರರು ಪಕ್ಕದ ಸೀಟಿಗೆ ನನ್ನನ್ನೇ ತಳ್ಳಿದರು. ದಾರಿಯಲ್ಲಿ ಕೆಟ್ಟರೆ ನಾನಿರಬೇಕಲ್ಲ, ಜೊತೆಗೆ ಪಕ್ಕದಲ್ಲಿ ಕೂತರೆ ಅಕ್ಕನನ್ನು ಚಂದಾಗಿ ನೋಡಲಾಗದು, ಹಿಂದಿನಿಂದ ನೋಡುತ್ತ ಬರುತ್ತೇನೆಂದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇರು ಹಾಕಿದರು. ಟ್ರ್ಯಾಕ್ಟರು ಹೊಡೆದ ಕೈ, ಸ್ಟೀರಿಂಗನ್ನು ನೇಗಿಲ ಮೇಟಿ ಹಿಡಿದಂತೆ ಹಿಡಿದಿದ್ದರು. ಕಬ್ಬಿನ ಟ್ರೇಲರುಗಳ ನಡುವೆ ಹಾರ್ನ್ ಹೊಡೆಯುತ್ತ ಗೋಕಾಕ ದಾಟಿದೆವು. ಟ್ರೇಲರಿನ ಮೇಲಿದ್ದವರು ಎದ್ದು ನಿಂತು ನೋಡುತ್ತಿದ್ದರು. ಅಕ್ಕ ಯಾರನ್ನೂ ನೋಡಲಿಲ್ಲ.

ಘಟಪ್ರಭಾದಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಮುಂದೆ ಹಿಂದೆ ಕಬ್ಬಿನ ಗಾಡಿ. ನಿಂತಲ್ಲಿಯೇ ಓಡುತ್ತಿದ್ದ ಎಂಜಿನ್ ಕಾಯತೊಡಗಿತು. ನೀರಿನ ಮುಳ್ಳು ಒಂದೊಂದೇ ಗೆರೆ ಮೇಲೇರುತ್ತಿತ್ತು. ನಿಲ್ಲಿಸುವಂತಿಲ್ಲ, ಮುಂದೆ ಹೋಗುವಂತಿಲ್ಲ. ಸೀಟಿನ ಹಿಂದಿದ್ದ ನೀರಿನ ಡಬ್ಬಿಗೆ ಕೈ ಹಾಕಿದೆ. ರೇಡಿಯೇಟರಿನ ಮುಖಕ್ಕಾದರೂ ಎರಚೋಣವೆಂದು.

"ಬ್ಯಾಡ" ಎಂದರು ಅಕ್ಕ. "ಒಮ್ಮೆ ಹಾಕೇನಿ. ಈ ಸಲ ಕಾಯೂಣು."

ನಾನು ಇಳಿದು ಬಾನೆಟ್ ಎತ್ತಿ, ಆಕ್ಸಿಲರೇಟರ್ ತುಸುವೇ ಒತ್ತಿ ಹಿಡಿಯಲು ಹೇಳಿದೆ. ಎಂಜಿನ್ ಜೋರಾದಂತೆ ಅದಕ್ಕೇ ಕಟ್ಟಿದ ಫ್ಯಾನೂ ಜೋರಾಗಿ ತಿರುಗಿ ಗಾಳಿ ಎಳೆಯಿತು. ಮುಳ್ಳು ಕೆಂಪು ಗೆರೆಯ ಕೆಳಗೆ ಬಂದು ಅಲ್ಲೇ ನಡುಗುತ್ತ ನಿಂತಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಗೂಡ್ಸ್ ಗಾಡಿಗೆ ಅಂದು ಎಷ್ಟು ಡಬ್ಬಿಗಳಿದ್ದವೋ ದೇವರಿಗೇ ಗೊತ್ತು. ಗೇಟು ಎದ್ದು ಮುಖಕ್ಕೆ ಗಾಳಿ ಬಡಿದಾಗಲೇ ಮುಳ್ಳು ಇಳಿದದ್ದು.

ಆದರೆ ಗೇಟಿನಲ್ಲಿ ಹೊತ್ತು ಹೋಗಿತ್ತು. ಹುಕ್ಕೇರಿ ದಾಟುವಾಗ ನಮ್ಮ ನೆರಳು ರಸ್ತೆಯಾಚೆ ಹೊಲದವರೆಗೂ ಚಾಚಿತ್ತು. ಇನ್ನು ದೀಪವಿಲ್ಲದ ಗಾಡಿಯ ಪಾಡೇನು, ಅಕ್ಕನ ನಿಯಮದ ಪಾಡೇನು? ಹೊತ್ತು ಮುಳುಗಿದರೆ ಅವರು ಅಲ್ಲೇ, ರಸ್ತೆಯ ಬದಿಗೇ ನಿಲ್ಲಿಸುವವರು. ಜೋರಾಗಿ ಹೊಡೆಯಿರಿ ಎನ್ನಬೇಕೆಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿದೆ. ಅವರು ಒಂದು ಹದ ಹಿಡಿದಿದ್ದರು, ಬಿಡಲಿಲ್ಲ. ಗಾಳಿಗೆ ಸೆರಗು ತಲೆಯಿಂದ ಜಾರಿತ್ತು. ನರೆತ ಕೂದಲು ಹಾರಾಡುತ್ತಿತ್ತು. ಮರುದಿನ ದೀಕ್ಷೆಯಲ್ಲಿ ಆ ಕೂದಲನ್ನೂ ಕಿತ್ತು ತೆಗೆಯುವರೆಂಬುದು ನೆನಪಾಗಿ ನಾನು ಮುಂದಕ್ಕೆ ನೋಡತೊಡಗಿದೆ.

ಹೆದ್ದಾರಿ ಸಿಕ್ಕಿತು. ಹತ್ತರಗಿಯ ಹತ್ತಿರ ಚಪ್ಪರ ಕಂಡಾಗ ಸೂರ್ಯ ಕಬ್ಬಿನ ಗರಿಯ ಮೇಲೆ ಒಂದು ಗೇಣು ಉಳಿದಿದ್ದ. ಚಪ್ಪರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗಲೇ ಅಕ್ಕ ಗಾಡಿಯನ್ನು ಬದಿಗೆ ನಿಲ್ಲಿಸಿ, ಗೇರು ತೆಗೆದು, ಕೀಲಿ ತಿರುಗಿಸಿ ಹೊರಗೆಳೆದರು.

ಎಂಜಿನ್ ನಿಲ್ಲಲಿಲ್ಲ.

ಅಕ್ಕ ಕೈಯಲ್ಲಿದ್ದ ಕೀಲಿ ನೋಡಿದರು, ನನ್ನನ್ನು ನೋಡಿದರು. ನನಗೆ ಆಗಲೇ ಹೊಳೆದಿತ್ತು. ನಾನು ಕಿತ್ತೆಸೆದ ಆ ಕೆಂಪು ಬಲ್ಬು ಬರೀ ದೀಪವಾಗಿರಲಿಲ್ಲ, ಬಾಗಿಲಿಗೆ ಕೂತ ಕಾವಲುಗಾರನೂ ಆಗಿತ್ತು. ಅದಿದ್ದರೆ ಆಲ್ಟರ್ನೇಟರಿನ ಕರೆಂಟು ಆ ಸಣ್ಣ ವೈರಿನಲ್ಲಿ ಹಿಂದಕ್ಕೆ ನುಗ್ಗಿ ಬರಲು ಆಗುತ್ತಿರಲಿಲ್ಲ. ಈಗ ಕೀಲಿ ತೆಗೆದರೂ ಎಂಜಿನ್ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಂಡು ಓಡುತ್ತಿತ್ತು. ಚಾಲೂ ಮಾಡಲು ಇಷ್ಟು ದಿನ ಪ್ರಾಣ ಬಿಟ್ಟಿದ್ದೆ, ಈಗ ನಿಲ್ಲಿಸಲು ಬರುತ್ತಿಲ್ಲ.

ದೊಡ್ಡ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಕ್ಲಚ್ ಬಿಟ್ಟರೆ ನಿಲ್ಲುತ್ತದೆಂದು ತಡವರಿಸುತ್ತ ಹೇಳಿದೆ. ಅಕ್ಕ ನಕ್ಕರು. ಅಷ್ಟು ದಿನದಲ್ಲಿ ಅವರ ಹಲ್ಲು ಕಂಡದ್ದು ಆಗಲೇ.

"ನಾ ಒಮ್ಮೆ ನಿಲ್ಲಿಸಿದ್ದ ಸಾಕೋ ತಮ್ಮಾ."

ಕೀಲಿಯನ್ನು ನನ್ನ ಅಂಗೈಗಿಟ್ಟು ಇಳಿದರು. ಬಾನೆಟ್ಟಿನ ಮೇಲೆ ಒಂದು ಕ್ಷಣ ಕೈಯಿಟ್ಟರು. ಆಮೇಲೆ ಚಪ್ಪರದ ಕಡೆ ನಡೆದರು. ಅವರು ಬರಿಗಾಲಲ್ಲಿದ್ದುದನ್ನು ನಾನು ಗಮನಿಸಿದ್ದು ಆಮೇಲೆ. ಚಪ್ಪಲಿಗಳು ಒಳಗೆ, ಕ್ಲಚ್ ಪೆಡಲಿನ ಕೆಳಗೇ ಇದ್ದವು.

ಜೀಪಿನಿಂದ ಇಳಿದು ಬಂದ ಸಾವಕಾರರು ಗಾಡಿಯ ಬಾಗಿಲು ಹಿಡಿದು ನಿಂತರು. ನಾನು ಜರುಗಿ ಅಕ್ಕನ ಸೀಟಿಗೆ ಕೂತು, ನಿಲ್ಲಿಸಲೆಂದು ಕೈ ಚಾಚಿದೆ. ಅವರು ನನ್ನ ಭುಜ ಒತ್ತಿದರು.

"ಇರಲಿ. ಆಕಿ ಒಳಗ ಹೋಗೂತನಕ ನಡೀಲಿ."

ನಡೆಯಿತು. ಬೆಂಕಿ ಬಿದ್ದ ದಿನ ಕೂಗಿದಂತಲ್ಲ, ಮೆಲ್ಲಗೆ, ಒಂದು ತಪ್ಪು ಬಡಿತವೂ ಇಲ್ಲದೆ. ಆ ಸದ್ದು ಅಕ್ಕನಿಗೆ ಕೇಳುತ್ತಿತ್ತೋ ಇಲ್ಲವೋ, 'ಅಪ್ಪನ ಗಾಡಿ ಇನ್ನೂ ನಿಂತಿಲ್ಲ' ಎಂದುಕೊಂಡರೋ ಇಲ್ಲವೋ, ನನಗೆ ತಿಳಿಯದು. ಅವರು ತಿರುಗಿ ನೋಡಲಿಲ್ಲ. ಚಪ್ಪರದ ಬಾಗಿಲಲ್ಲಿ ಬಿಳಿ ಸೀರೆಯವರು ಎದುರುಗೊಂಡು ಅವರನ್ನು ನಡುವೆ ಮಾಡಿಕೊಂಡರು. ಆಮೇಲೆ ಯಾರು ಯಾರೆಂದು ಗುರುತು ಸಿಗಲಿಲ್ಲ.

ಈಗ, ಎಂದರು ಸಾವಕಾರರು.

ಕ್ಲಚ್ ಒತ್ತಬೇಕಾದರೆ ಚಪ್ಪಲಿ ತೆಗೆಯಬೇಕಿತ್ತು. ತೆಗೆದು ಅವರ ಕೈಗೆ ಕೊಟ್ಟೆ. ದೊಡ್ಡ ಗೇರು ಹಾಕಿ, ಬ್ರೇಕ್ ಒತ್ತಿ ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಮೈ ಝಾಡಿಸಿ ತಣ್ಣಗಾಯಿತು. ಸಾವಕಾರರು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ಚಪ್ಪಲಿಗಳು ತೊಡೆಯ ಮೇಲಿದ್ದವು. ಬಹಳ ಹೊತ್ತಾದ ಮೇಲೆ, ನಡೀರಿ, ಮನಿಗೆ ಹೋಗೂಣು ಎಂದರು.

"ಹೊತ್ತ ಮುಣಗೇತ್ರಿ ಅಣ್ಣಾ. ದೀಪ ಇಲ್ಲ."

"ಹೌದಲ್ಲ" ಎಂದರು. ಜೀಪು ಹಿಂದೆ ನಿಂತೇ ಇತ್ತು. ಆದರೂ ಇಬ್ಬರೂ ಇಳಿಯಲಿಲ್ಲ.